ಮೀಟರ್ ಮಾವನ ಹದಿನೈದು ನಿಮಿಷ

ತಲೆಗೆ ಸೋಪು ಹಚ್ಚಿ, ಕಣ್ಣು ಮುಚ್ಚಿ, ನೀರು ಹೊಯ್ದುಕೊಂಡು ಕಣ್ಣು ಬಿಟ್ಟಾಗ ಸ್ನಾನದ ಮನೆಯಲ್ಲಿ ಕತ್ತಲಿದ್ದರೆ, ಕರೆಂಟು ಹೋಯಿತು ಎಂದು ತಿಳಿಯಬಾರದು. ಮಾವ ಆ ಕಡೆಯಿಂದ ಹಾದುಹೋದರು ಎಂದು ತಿಳಿಯಬೇಕು. ಇಷ್ಟು ಅರ್ಥವಾಗಲು ನನಗೆ ಮದುವೆಯಾಗಿ ಎರಡು ವರ್ಷ ಹಿಡಿಯಿತು. ಮೊದಮೊದಲು ಒಳಗಿನಿಂದ ಕೂಗುತ್ತಿದ್ದೆ. ಮಾವ ಹೊರಗಿನಿಂದ ಮರ್ಯಾದೆಗೆ ಒಂದಿಷ್ಟೂ ಕಡಿಮೆಯಾಗದಂತೆ ಕೇಳುತ್ತಿದ್ದರು: “ಸೋಪು ಹಚ್ಕೊಂಡಾಗ ಕಣ್ಣು ಮುಚ್ಚಿರುತ್ತಲ್ಲ ಅಳಿಯಂದ್ರೇ, ಆಗ ದೀಪ ಯಾರಿಗೆ?” ಮನೆಅಳಿಯನಾದವನಲ್ಲಿ ಬಹಳ ಪ್ರಶ್ನೆಗಳಿಗೆ ಉತ್ತರ ಇರುವುದಿಲ್ಲ. ಇದ್ದರೂ ಹೇಳುವ ರೂಢಿ ಇಲ್ಲ.

ನನ್ನ ಹೆಂಡತಿಯ ತಂದೆಯಾದ ಈ ಮಾವ ಮೂವತ್ತನಾಲ್ಕು ವರ್ಷ ವಿದ್ಯುತ್ ಕಚೇರಿಯಲ್ಲಿ ಮೀಟರ್ ರೀಡರ್ ಆಗಿದ್ದವರು. ದಿನಕ್ಕೆ ನೂರಿಪ್ಪತ್ತು ಮನೆ, ನೂರಿಪ್ಪತ್ತು ಗೇಟು, ಅದಕ್ಕೆ ತಕ್ಕಷ್ಟು ನಾಯಿ. ಬೀದಿಯ ಮಕ್ಕಳಿಂದ ಹಿಡಿದು ಮುದುಕರವರೆಗೆ ಎಲ್ಲರಿಗೂ ಅವರು ಮೀಟರ್ ಮಾವ. ನಿವೃತ್ತಿಯ ದಿನ ಕಚೇರಿಯವರು ಒಂದು ಒರಗು ಕುರ್ಚಿ ಕೊಟ್ಟು ಕಳಿಸಿದರು. ಅದರಲ್ಲಿ ಇವತ್ತಿನವರೆಗೂ ಒರಗಿರುವವನು ನಾನೊಬ್ಬನೇ. ಮಾವ ಕೂತರೆ ಅಂಚಿನಲ್ಲಿ ಕೂರುತ್ತಾರೆ, ಕೂತ ಮೂರನೇ ನಿಮಿಷಕ್ಕೆ ಎದ್ದು ಫ್ರಿಜ್ಜಿಗೆ ಕಿವಿ ಕೊಡುತ್ತಾರೆ, ಅಲ್ಲಿಂದ ಹಿತ್ತಲ ದೀಪ, ಅಲ್ಲಿಂದ ಮಹಡಿಯ ಫ್ಯಾನು, ಮತ್ತೆ ಕುರ್ಚಿಯ ಅಂಚು. ಕಾಲು ಸುಟ್ಟ ಬೆಕ್ಕಾದರೂ ಕಾಲು ವಾಸಿಯಾದ ಮೇಲೆ ಮಲಗುತ್ತದೆ. ಯಾರದೋ ಮನೆಗೆ ಸಂತಾಪ ಹೇಳಲು ಹೋದಾಗಲೂ ಅವರ ಕಣ್ಣು ಮೊದಲು ಹೋಗುವುದು ಬಾಗಿಲ ಪಕ್ಕದ ಮೀಟರಿನ ಕಡೆಗೆ, ಆಮೇಲೆ ಸತ್ತವರ ಮಗನ ಕಡೆಗೆ.

ಅತ್ತೆ ಇದಕ್ಕೆ ತದ್ವಿರುದ್ಧ. ಕೂತರೆ ಕೂತರು, ನಿಂತರೆ ನಿಂತರು. ವಾರದ ದಿನಗಳಲ್ಲಿ ಬೆಳಿಗ್ಗೆ ಹತ್ತಕ್ಕೆ ಮನೆ ಬಿಟ್ಟು ಎರಡು ಬೀದಿ ಆಚೆಯ ಪ್ರಾರ್ಥನಾ ಮಂದಿರಕ್ಕೆ ಹೋಗುತ್ತಾರೆ. ಅಲ್ಲಿ ಹದಿಮೂರು ಜನ ಹೆಂಗಸರು ಸೇರಿ ಹಾಡು ಅಭ್ಯಾಸ ಮಾಡುತ್ತಾರೆ, ವಾರದ ಪ್ರಾರ್ಥನೆಯ ದಿನ ಎಲ್ಲರ ಮುಂದೆ ಹಾಡುತ್ತಾರೆ. ಗುಂಪಿಗೆ ಅತ್ತೆಯೇ ಮುಖ್ಯಸ್ಥೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಅತ್ತೆಯನ್ನು ಆ ಹೆಂಗಸರು ‘ಟೀಚರ್’ ಎಂದು ಕರೆಯುತ್ತಾರೆ. ಅವರಲ್ಲಿ ಒಬ್ಬರು ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದವರು, ಇನ್ನೊಬ್ಬರು ನಿಜವಾಗಿಯೂ ಟೀಚರ್ ಆಗಿದ್ದವರು. ಒಮ್ಮೆ ಅತ್ತೆ ಮರೆತುಹೋಗಿದ್ದ ಕನ್ನಡಕ ಕೊಡಲು ಹೋದ ನಾನು ಬಾಗಿಲಲ್ಲಿ ನಿಂತು ನೋಡಿದೆ. ಅತ್ತೆ ಪೆನ್ಸಿಲಿನಿಂದ ಮೇಜು ಕುಟ್ಟಿದರು, ಹದಿಮೂರು ಬಾಯಿಗಳೂ ಒಟ್ಟಿಗೆ ಮುಚ್ಚಿದವು. ನಮ್ಮ ಮನೆಯಲ್ಲಿ ಅವರ ಮಾತಿಗೆ ಕುಕ್ಕರು ಕೂಡ ಸುಮ್ಮನಾದದ್ದನ್ನು ನಾನು ಕಂಡವನಲ್ಲ.

ಹೀಗಿರುವಾಗ ಒಂದು ವಾರ ಪ್ರಾರ್ಥನೆ ಮುಗಿದ ಮೇಲೆ ಮಂದಿರದ ಅಧ್ಯಕ್ಷರು ಎದ್ದು ನಿಂತರು. ಅವರದು ಹಾಸಿಗೆ ಅಂಗಡಿ. ಊರಿನ ಅರ್ಧ ಜನ ಅವರ ಹಾಸಿಗೆಯಲ್ಲಿ ನಿದ್ದೆ ಮಾಡುತ್ತಾರೆ, ಉಳಿದರ್ಧ ಅವರ ಭಾಷಣದಲ್ಲಿ. ಆದರೆ ಅವತ್ತು ಯಾರೂ ತೂಕಡಿಸಲಿಲ್ಲ. ಮಂದಿರದ ಕರೆಂಟು ಬಿಲ್ಲು ತಡೆಯಲಾಗದಷ್ಟು ಆಗಿದೆ, ಬಂದ ಕಾಣಿಕೆಯಲ್ಲಿ ಮುಕ್ಕಾಲು ಪಾಲು ಅದಕ್ಕೇ ಹೋಗುತ್ತಿದೆ, ಆದ್ದರಿಂದ ಬರುವ ತಿಂಗಳಿಂದ ವಾರದ ದಿನಗಳಲ್ಲಿ ಮಂದಿರಕ್ಕೆ ಬೀಗ, ಪ್ರಾರ್ಥನೆಯ ದಿನ ಮಾತ್ರ ತೆರೆಯುವುದು ಎಂದರು. ಹಾಡಿನ ಗುಂಪಿನವರು ಯಾರದಾದರೂ ಮನೆಯಲ್ಲಿ ಅಭ್ಯಾಸ ಮಾಡಿಕೊಳ್ಳಬಹುದು ಎಂದು ದೊಡ್ಡ ಮನಸ್ಸಿನಿಂದ ಸೇರಿಸಿದರು.

ಹದಿಮೂರು ಹೆಂಗಸರು ಕೂತು ಬಾಯಿ ಬಿಟ್ಟು ಹಾಡುವಷ್ಟು ಜಾಗ ಇರುವ ಮನೆ ನಮ್ಮ ಬೀದಿಗಳಲ್ಲಿ ಇಲ್ಲ. ಜಾಗ ಇದ್ದರೂ ಆ ಮನೆಯ ಗಂಡಸರಿಗೆ ಕಿವಿ ಇರುತ್ತದೆ. ಅತ್ತೆ ಮನೆಗೆ ಬಂದು ಎಲ್ಲರಿಗೂ ಬಡಿಸಿದರು. ಮಾವನ ತಟ್ಟೆಗೆ ಎರಡನೇ ಸಲ ಬಡಿಸುವಾಗ, ಯಾವ ಪೀಠಿಕೆಯೂ ಇಲ್ಲದೆ, “ಇನ್ನು ಮೇಲೆ ಹತ್ತು ಗಂಟೆಗೆ ನಾನು ಮನೇಲೇ ಇರ್ತೀನಿ” ಎಂದರು.

ಮಾವನ ತುತ್ತು ಕೈಯಲ್ಲೇ ನಿಂತಿತು. ಹೆಂಡತಿ ದಿನವಿಡೀ ಮನೆಯಲ್ಲಿರುತ್ತಾಳೆಂದು ಅವರಿಗೆ ಭಯವಾಯಿತೆಂದು ನನ್ನ ಹೆಂಡತಿ ಆಮೇಲೆ ನಗುತ್ತಾ ಹೇಳಿದಳು. ನನಗೆ ಹಾಗನ್ನಿಸಲಿಲ್ಲ. ಅತ್ತೆ ಆ ಮಾತನ್ನು ಹೇಳಿದ ರೀತಿ, ಆಸ್ಪತ್ರೆಯವರು ಇನ್ನು ಮೇಲೆ ಮೆಟ್ಟಿಲು ಹತ್ತಬೇಡಿ ಎಂದರೆ ಬಂದು ಹೇಳುತ್ತಾರಲ್ಲ, ಹಾಗಿತ್ತು.

ಮಾರನೆಯ ದಿನ ಮಾವ ನನ್ನನ್ನೂ ಎಳೆದುಕೊಂಡು ಹಾಸಿಗೆ ಅಂಗಡಿಗೆ ಹೋದರು. ಕೂರಲು ಕುರ್ಚಿ ಇರಲಿಲ್ಲ, ಮಾರಾಟದ ಮಂಚದ ಮೇಲೆ ಕೂರಿಸಿದರು. ಮೆತ್ತಗಿನ ಹಾಸಿಗೆಯಲ್ಲಿ ಸೊಂಟದವರೆಗೆ ಹುಗಿದುಕೊಂಡು ಘನತೆಯಿಂದ ಮಾತಾಡುವುದು ಕಷ್ಟ. ಮಾವ ಎದ್ದು ನಿಂತೇ ಮಾತಾಡಿದರು. ತಮಗೆ ಎರಡು ಬಿಲ್ಲಿನಷ್ಟು ಸಮಯ ಕೊಡಬೇಕು, ಬಿಲ್ಲನ್ನು ಕಾಲು ಭಾಗ ಇಳಿಸಿ ತೋರಿಸುತ್ತೇನೆ ಎಂದರು. ಅಧ್ಯಕ್ಷರು ಒಪ್ಪಿದರು. ಎರಡನೇ ಬಿಲ್ಲಿನಲ್ಲಿ ಕಾಲು ಭಾಗ ಇಳಿದಿದ್ದರೆ ಮಂದಿರ ಎಂದಿನಂತೆ ತೆರೆದಿರುತ್ತದೆ. ಒಂದು ಕೂದಲೆಳೆ ಹೆಚ್ಚಿದ್ದರೂ ಬೀಗ.

“ಇಷ್ಟೇ ತಾನೇ,” ಎಂದು ಮಾವ ಮನೆಯಲ್ಲಿ ಅತ್ತೆಗೆ ಹೇಳಿದರು. “ಮೂವತ್ತನಾಲ್ಕು ವರ್ಷ ನಾನೇನು ಕತ್ತೆ ಕಾಯ್ತಿದ್ನಾ?”

“ನಿಮ್ಮನ್ನ ನಂಬಿದೀನಿ,” ಎಂದರು ಅತ್ತೆ. ನಲವತ್ತೊಂದು ವರ್ಷದ ಸಂಸಾರದಲ್ಲಿ ಮಾವನಿಗೆ ಆ ಮಾತು ಅಭ್ಯಾಸವಿರಲಿಲ್ಲವೆಂದು ಕಾಣುತ್ತದೆ. ಆ ವಾರವೆಲ್ಲ ಅವರು ಕುರ್ಚಿಯ ಅಂಚಿಗೂ ತಾಗಲಿಲ್ಲ.

ಮಂದಿರದ ಬೀಗ, ಕಸ, ನೀರು, ದೀಪ ಎಲ್ಲವನ್ನೂ ನೋಡಿಕೊಳ್ಳುವವನು ಬೀಗದಣ್ಣ. ಆನೆಯಂಥ ಆಳು, ಸೊಂಟದಲ್ಲಿ ಒಂದು ಸೇರು ಬೀಗದಕೈ, ಎರಡು ಮಂಡಿಯಲ್ಲೂ ನೋವು. ಪ್ರಾರ್ಥನೆಯ ದಿನ ಬೆಳಗಾಗುತ್ತಲೇ ಬಾಗಿಲು ತೆರೆದು, ಕೈಗೆ ಸಿಕ್ಕಿದ್ದನ್ನು ಹಾಕುತ್ತಾ ಹೋಗುವುದು ಅವನ ಪದ್ಧತಿ. ಆರು ಗಂಟೆಗೆ ನೀರಿನ ಮೋಟಾರು. ಸ್ವಲ್ಪ ಕೂತು, ಕೈಕಾಲು ತೊಳೆಯುವ ನೀರಿಗೆ ಬಾಯ್ಲರು. ಆಮೇಲೆ ಏಸಿಗಳು. ಸಭಾಂಗಣದಲ್ಲಿ ಐದು ದೊಡ್ಡ ಏಸಿ, ನಾಲ್ಕು ಮೂಲೆಗೆ ನಾಲ್ಕು, ವೇದಿಕೆಯ ಹತ್ತಿರ ಒಂದು, ಒಂದೊಂದಕ್ಕೂ ಅದರ ಪಕ್ಕದಲ್ಲೇ ಸ್ವಿಚ್ಚು. ಬೀಗದಣ್ಣನ ಮಂಡಿ ಒಂದು ಸಲಕ್ಕೆ ಒಂದೇ ಮೂಲೆಗೆ ಒಪ್ಪುತ್ತದೆ. ಒಂದು ಹಾಕಿ ಬಂದು ಕೂತು, ಮಂಡಿ ಉಜ್ಜಿ, ಇನ್ನೊಂದಕ್ಕೆ ಏಳುವಷ್ಟರಲ್ಲಿ ಇಪ್ಪತ್ತು ನಿಮಿಷ ಆಗಿರುತ್ತದೆ.

ಮಾವ ಇದನ್ನು ಕಂಡು ಕೊಲೆ ಕಂಡವರಂತೆ ನಿಂತುಬಿಟ್ಟರು. ಪ್ರಾರ್ಥನೆ ಶುರುವಾಗುವುದು ಹತ್ತಕ್ಕೆ. ಎಂಟು ಗಂಟೆಗೇ ಏಸಿ ಓಡುತ್ತಿದೆ. “ಖಾಲಿ ಕುರ್ಚಿಗೆ ಸೆಕೆ ಆಗುತ್ತೇನಪ್ಪಾ?” ಎಂದು ಕೇಳಿದರು. ಬೀಗದಣ್ಣ ಕುರ್ಚಿಗಳ ಕಡೆ ನೋಡಿ, ಇದುವರೆಗೆ ದೂರು ಬಂದಿಲ್ಲ ಎಂದ.

ಅಲ್ಲಿಂದ ಶುರುವಾಯಿತು ಮಾವನ ಆಡಳಿತ. ಹಳೇ ಟ್ಯೂಬ್‌ಲೈಟುಗಳೆಲ್ಲ ಇಳಿದು ಎಲ್‌ಇಡಿ ಏರಿದವು. ಏಣಿ ಹಿಡಿದವನು ನಾನು. ಬಾಗಿಲ ಸಂದುಗಳಿಗೆ ಹಾಸಿಗೆ ಅಂಗಡಿಯಿಂದ ತಂದ ಫೋಮಿನ ಚೂರುಗಳನ್ನು ಅಂಟಿಸಿ ತಣ್ಣನೆಯ ಗಾಳಿ ಹೊರಹೋಗದಂತೆ ಮಾಡಿದರು. ಅಂಟು ಹಚ್ಚಿದವನೂ ನಾನೇ, ಮೂರು ದಿನ ನನ್ನ ಬೆರಳುಗಳು ಒಂದನ್ನೊಂದು ಅಗಲಲಿಲ್ಲ. ಹಿಂಬದಿಯ ಕೋಣೆಯಲ್ಲಿ ಒಂದು ಫ್ರಿಜ್ಜು ಹಗಲೂ ರಾತ್ರಿ ಗುಂಯ್‌ಗುಟ್ಟುತ್ತಿತ್ತು. ತೆಗೆದು ನೋಡಿದರೆ ಒಳಗೆ ಒಂದು ಬಾಟಲಿ ನೀರು, ಎರಡು ಟಾರ್ಚು ಸೆಲ್ಲು. ಅದರ ಪ್ಲಗ್ಗನ್ನು ಮಾವ ಹಲ್ಲು ಕಿತ್ತಂತೆ ಕಿತ್ತರು. ಹಾಡಿನ ಗುಂಪಿನವರಿಗೆ ವಾರದ ದಿನಗಳಲ್ಲಿ ಏಸಿ ಬಂದ್, ಎರಡೇ ಫ್ಯಾನು. ಹೆಂಗಸರು ಕಿಟಕಿ ತೆರೆದುಕೊಂಡು ಹಾಡಿದರು. ಬೀದಿಯವರಿಗೆ ಪುಕ್ಕಟೆ ಕಛೇರಿ.

ಎಲ್ಲಕ್ಕಿಂತ ದೊಡ್ಡ ಸುಧಾರಣೆ ಪ್ರಾರ್ಥನೆಯ ದಿನದ್ದು. ಒಂಬತ್ತು ಮುಕ್ಕಾಲಿನವರೆಗೆ ಒಂದು ದೀಪವೂ ಇಲ್ಲ, ಒಂದು ಹನಿ ತಣ್ಣನೆಯ ಗಾಳಿಯೂ ಇಲ್ಲ. ಸರಿಯಾಗಿ ಒಂಬತ್ತು ಮುಕ್ಕಾಲಿಗೆ ಮಾವ ನಡುಮಧ್ಯದಲ್ಲಿ ನಿಂತು ಚಪ್ಪಾಳೆ ಹೊಡೆಯುವುದು. ಚಪ್ಪಾಳೆ ಬಿದ್ದ ಕೂಡಲೇ ನಾನು ಬಲಗಡೆಯ ಎರಡು ಏಸಿ, ಮಾವ ಎಡಗಡೆಯ ಎರಡು, ಬೀಗದಣ್ಣ ವೇದಿಕೆಯ ಹತ್ತಿರದ್ದು. ಅದೇ ಉಸಿರಿನಲ್ಲಿ ದೀಪ, ಫ್ಯಾನು, ಮೈಕು, ಮೋಟಾರು, ಬಾಯ್ಲರು. ಇಡೀ ಮಂದಿರ ಒಮ್ಮೆ ಗುಡುಗಿ ಏಳುತ್ತಿತ್ತು. ಒಂದು ನಿಮಿಷವೂ ವ್ಯರ್ಥವಿಲ್ಲ. ಮಾವ ಕೈ ಕಟ್ಟಿಕೊಂಡು ಆ ಗುಡುಗನ್ನು ಕೇಳುತ್ತಿದ್ದರು. ಮಗಳ ಮದುವೆಯಲ್ಲೂ ಅವರ ಮುಖ ಅಷ್ಟು ಅರಳಿರಲಿಲ್ಲ. ನನ್ನದೇ ಮದುವೆ ಅದಾದ್ದರಿಂದ ನಾನು ಖಚಿತವಾಗಿ ಹೇಳಬಲ್ಲೆ.

ತಿಂಗಳ ಕೊನೆಗೆ ಬಿಲ್ಲು ಬಂತು. ಉಪಯೋಗಿಸಿದ ಯೂನಿಟ್ಟು ಮೂರನೇ ಒಂದು ಭಾಗ ಇಳಿದಿತ್ತು. ಬಿಲ್ಲು ಇಳಿದದ್ದು ನೂರಕ್ಕೆ ಮೂರು.

ಬೆಟ್ಟ ಅಗೆದು ಇಲಿ ಹಿಡಿದಂತೆ ಎನ್ನುತ್ತಾರೆ. ಇದು ಇಲಿಯ ಬಾಲ. ಅಧ್ಯಕ್ಷರು ಮಾವನ ಭುಜ ತಟ್ಟಿ, ನಿಮ್ಮ ಶ್ರಮ ದೇವರಿಗೆ ಗೊತ್ತು ಎಂದರು. ಹಾಗೆಂದರೆ ಬೇರೆ ಯಾರಿಗೂ ಗೊತ್ತಾಗುವುದು ಬೇಡ ಎಂದು ಅರ್ಥ. ಮಾವ ಆ ಬಿಲ್ಲನ್ನು ಬೆಳಕಿಗೆ ಹಿಡಿದು ನೋಡಿದರು, ತಿರುಗಿಸಿ ನೋಡಿದರು, ಮನೆಯ ಜಗಲಿಯಿಂದ ಹಿತ್ತಲಿಗೂ ಹಿತ್ತಲಿಂದ ಜಗಲಿಗೂ ಅದನ್ನು ಎತ್ತಿಕೊಂಡು ತಿರುಗಿದರು. ಅತ್ತೆ ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಕೊನೆಗೆ ಮಾವ ತಮ್ಮ ಹಳೆಯ ಕಚೇರಿಗೆ ಹೊರಟರು, ಜೊತೆಗೆ ನಾನು. ಬಿಲ್ಲಿಂಗ್ ವಿಭಾಗದ ಮೇಡಂ ಮಾವನನ್ನು ಕಂಡು ಎದ್ದು ನಿಂತು ಕುರ್ಚಿ ಕೊಟ್ಟರು. ಬಿಲ್ಲು ನೋಡಿ ಅವರು ಸ್ವಲ್ಪ ಹಿಂಜರಿದರು. ದೊಡ್ಡವರ ತಪ್ಪು ಹೇಳುವಾಗ ಒಳ್ಳೆಯವರು ಹಿಂಜರಿಯುತ್ತಾರೆ.

“ಸಾರ್, ನೀವು ಮನೆ ಮೀಟರ್ ನೋಡಿದೋರು. ಅದರಲ್ಲಿ ಎಷ್ಟು ಉಪಯೋಗಿಸಿದ್ರಿ ಅಂತ ಒಂದೇ ಲೆಕ್ಕ. ಇದು ದೊಡ್ಡ ಕನೆಕ್ಷನ್ನು. ಇದಕ್ಕೆ ಎರಡು ಲೆಕ್ಕ.”

ಎರಡನೆಯದು ಗರಿಷ್ಠ ಬೇಡಿಕೆ. ಮೇಡಂ ಬಿಡಿಸಿ ಹೇಳಿದರು. ಎಷ್ಟು ಬಳಸಿದಿರಿ ಎಂಬುದರ ಜೊತೆಗೆ, ಒಂದೇ ಹೊತ್ತಿಗೆ ಎಷ್ಟು ಕೇಳಿದಿರಿ ಎಂಬುದನ್ನೂ ಮೀಟರು ಕಾಲುಗಂಟೆಗೊಮ್ಮೆ ಬರೆದಿಟ್ಟುಕೊಳ್ಳುತ್ತದೆ. ಇಡೀ ತಿಂಗಳಲ್ಲಿ ಅತಿ ಹೆಚ್ಚು ಕೇಳಿದ ಆ ಒಂದು ಕಾಲುಗಂಟೆ ಯಾವುದೋ, ಅದರ ಮೇಲೆ ತಿಂಗಳಿಗೆಲ್ಲ ಶುಲ್ಕ. “ತಿಂಗಳೆಲ್ಲ ಉಪವಾಸ ಇದ್ದು, ಒಂದಿನ ಹದಿನೈದು ನಿಮಿಷ ಬಕಾಸುರನ ಹಾಗೆ ತಿಂದ್ರೆ ಸಾರ್, ತಿಂಗಳಿಗೆಲ್ಲ ಬಕಾಸುರನ ಬಿಲ್ಲೇ ಬರೋದು.”

ಮಂದಿರದ ಮೀಟರು ಯಾವ ಹೊತ್ತನ್ನು ಬರೆದುಕೊಂಡಿದೆ ಎಂದು ಮಾವ ಕೇಳಿದರು. ಮೇಡಂ ಕಂಪ್ಯೂಟರಿನಲ್ಲಿ ಹುಡುಕಿದರು. ಹಿಂದಿನ ತಿಂಗಳುಗಳಲ್ಲಿ ಮೂವತ್ತೊಂದು ಕಿಲೋವ್ಯಾಟ್ ದಾಟಿರಲಿಲ್ಲ. ಈ ತಿಂಗಳು ನಲವತ್ತನಾಲ್ಕು. ಪ್ರಾರ್ಥನೆಯ ದಿನ, ಬೆಳಿಗ್ಗೆ ಒಂಬತ್ತು ನಲವತ್ತೈದರಿಂದ ಹತ್ತು.

ನಾನು ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡಿದೆ. ಆ ಹದಿನೈದು ನಿಮಿಷ ಯಾವುದೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅದು ಮಾವನ ಚಪ್ಪಾಳೆ. ವಾರವೆಲ್ಲ ಕಾದ ಸಭಾಂಗಣ, ಐದೂ ಏಸಿ ಒಟ್ಟಿಗೆ ಏದುಸಿರು ಬಿಡುತ್ತಾ, ಅದರ ಮೇಲೆ ಮೋಟಾರು, ಅದರ ಮೇಲೆ ಬಾಯ್ಲರು. ಯೂನಿಟ್ಟಿನಲ್ಲಿ ಉಳಿಸಿದ್ದನ್ನೆಲ್ಲ ಚಪ್ಪಾಳೆ ತಿಂದುಹಾಕಿತ್ತು. ಬೀಗದಣ್ಣನ ಮಂಡಿನೋವು ಇಷ್ಟು ವರ್ಷ ಮಂದಿರವನ್ನು ಕಾಪಾಡಿಕೊಂಡು ಬಂದಿತ್ತು. ಆ ಮಂಡಿಗೆ ನಾವು ಚುರುಕು ಮುಟ್ಟಿಸಿದ್ದೆವು.

ವಿಷಯ ತಿಳಿದ ಬೀಗದಣ್ಣ ಹೀಯಾಳಿಸಲಿಲ್ಲ. ಕಾಲು ನೀವಿಕೊಳ್ಳುತ್ತಾ, “ಮಂಡಿಗೆ ಅಂತ ಬೇರೆ ಸಂಬಳ ಆಗ್ಲೇ ಕೇಳ್ಬೇಕಿತ್ತು ನಾನು” ಎಂದ, ಅಷ್ಟೇ.

ಮೂರು ದಿನ ಮಾವ ಮನೆಯಲ್ಲಿ ಬಾಯಿ ಬಿಡಲಿಲ್ಲ. ಮೂವತ್ತನಾಲ್ಕು ವರ್ಷ ಮೀಟರಿನ ಮುಖ ನೋಡಿದವರಿಗೆ ಅದರ ಹೊಟ್ಟೆಯೊಳಗಿದ್ದದ್ದು ಗೊತ್ತಿರಲಿಲ್ಲ. ದೊಡ್ಡ ಕನೆಕ್ಷನ್ನುಗಳನ್ನು ನೋಡಲು ಕಚೇರಿಯಲ್ಲಿ ಬೇರೆಯವರಿದ್ದರು, ಅವರು ಜೀಪಿನಲ್ಲಿ ಬರುತ್ತಿದ್ದರು, ಇವರು ನಡೆಯುತ್ತಿದ್ದರು. ಆ ಮೂರು ದಿನ ಮಾವ ಎಷ್ಟು ನಡೆದರೆಂದರೆ ಸ್ನಾನದ ಮನೆಯ ದೀಪ ಆರಿಸುವುದನ್ನೂ ಮರೆತರು. ನಾನು ಬೆಳಕಿನಲ್ಲಿ ಸ್ನಾನ ಮುಗಿಸಿ ಬಂದೆ, ಆದರೆ ಏನೋ ಕಳವಳ. ಮನೆಯ ಮೇಲೆ ಏನೋ ಎರಗಲಿದೆ ಅನ್ನಿಸಿತು.

ನಾಲ್ಕನೆಯ ದಿನ ಅತ್ತೆ ಬಟ್ಟೆ ಮಡಿಸುತ್ತಾ ಕೂತಿದ್ದಾಗ ಮಾವ ಎದುರು ಹೋಗಿ ನಿಂತರು. “ನಂದೇ ತಪ್ಪು ಕಣೇ. ಎಲ್ಲಾ ಒಂದೇ ಸಲ ಹಾಕಿಸ್ದೆ,” ಎಂದು ಶುರು ಮಾಡಿ ಎಲ್ಲವನ್ನೂ ಹೇಳಿದರು. ಈಗ ಏನು ಮಾಡಬೇಕೆಂದು ತೋಚುತ್ತಿಲ್ಲ, ಎಲ್ಲವೂ ಬೇಕು, ಹತ್ತು ಗಂಟೆಗೇ ಬೇಕು, ಆದರೆ ಒಟ್ಟಿಗೆ ಬೇಕು ಅನ್ನುವ ಹಾಗಿಲ್ಲ ಎಂದರು.

ಅತ್ತೆ ಒಂದು ಟವೆಲು ಮಡಿಸಿ ಮುಗಿಸಿದರು. ಆಮೇಲೆ ಒಂದೇ ಪ್ರಶ್ನೆ: ಒಂದು ಏಸಿ ತನ್ನ ಮೂಲೆಯನ್ನು ತಂಪು ಮಾಡಿದ ಮೇಲೂ ಅಷ್ಟೇ ಎಳೆಯುತ್ತದೆಯೋ? ಇಲ್ಲ, ತಂಪಾದ ಮೇಲೆ ತಾನೇ ನಿಧಾನವಾಗುತ್ತದೆ ಎಂದರು ಮಾವ.

“ಮತ್ತೇನು ಕಷ್ಟ?” ಎಂದರು ಅತ್ತೆ. “ಉದ್ದದ ಸಾಲು ಹಾಡುವಾಗ ನಾವು ಹದಿಮೂರು ಜನಾನೂ ಒಟ್ಟಿಗೆ ಉಸಿರು ತಗೊಂಡ್ರೆ ಹಾಡು ಅಲ್ಲೇ ತುಂಡಾಗುತ್ತೆ. ಅದಕ್ಕೆ ಒಬ್ಬೊಬ್ಬಳಿಗೂ ಒಂದೊಂದು ಜಾಗ ಹೇಳಿಕೊಟ್ಟಿರ್ತೀನಿ. ಒಬ್ಬಳು ಉಸಿರು ತಗೊಳ್ಳುವಾಗ ಮಿಕ್ಕೋರು ಹಿಡ್ಕೊಂಡಿರ್ತಾರೆ. ಕೇಳೋರಿಗೆ ಗೊತ್ತೇ ಆಗಲ್ಲ, ಹಾಡು ಒಂದೇ ಸಮ ಹೋಗ್ತಿರುತ್ತೆ. ನಿಮ್ಮ ಮೆಷಿನ್ನುಗಳಿಗೆ ಯಾರೂ ಜಾಗ ಹೇಳಿಕೊಟ್ಟಿಲ್ಲ, ಅಷ್ಟೇ.”

ಮಾವ ಪಕ್ಕದಲ್ಲಿದ್ದ ಬಟ್ಟೆಯ ರಾಶಿಯ ಮೇಲೆಯೇ ಕೂತರು. ಪ್ರತಿ ವಾರ ಕೇಳಿದ ಹಾಡು. ಅದರಲ್ಲಿ ಯಾರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂಬ ಯೋಚನೆಯೇ ಅವರಿಗೆ ಬಂದಿರಲಿಲ್ಲ. ನನಗೂ ಬಂದಿರಲಿಲ್ಲ, ಆದರೆ ನನ್ನಿಂದ ಅದನ್ನು ಯಾರೂ ನಿರೀಕ್ಷಿಸಿರಲಿಲ್ಲ.

ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಅತ್ತೆ ಪೆನ್ಸಿಲಿನಿಂದ ಬರೆದರು. ನೀರಿನ ಮೋಟಾರು ಹಿಂದಿನ ದಿನವೇ. ಬಾಯ್ಲರು ಬೆಳಿಗ್ಗೆ ಆರಕ್ಕೆ, ನೀರು ಕಾದ ಕೂಡಲೇ ಬಂದ್. ಮೊದಲ ಏಸಿ ಏಳೂ ಮುಕ್ಕಾಲಿಗೆ, ಆಮೇಲೆ ಇಪ್ಪತ್ತೈದು ನಿಮಿಷಕ್ಕೊಂದು. ಐದನೆಯದು ಏಳುವ ಹೊತ್ತಿಗೆ ಮೊದಲ ಮೂರು ತಣ್ಣಗೆ ಉಸಿರಾಡುತ್ತಿರಬೇಕು. ಮೈಕು ಕೊನೆಗೆ. ಹಾಳೆಯನ್ನು ಸಭಾಂಗಣದ ಹಿಂಬಾಗಿಲ ಪಡಸಾಲೆಯಲ್ಲಿದ್ದ ಮೇನ್ ಬೋರ್ಡಿನ ಪಕ್ಕ ಅಂಟಿಸಿದವನು ನಾನು. ಅಂಟಿನ ಮೇಲೆ ಈಗ ನನಗೆ ಹಿಡಿತ ಬಂದಿತ್ತು. ಐದೂ ಏಸಿಗಳನ್ನು ಒಂದೇ ಕಡೆಯಿಂದ ಆಡಿಸಬಹುದಾದ ಸ್ವಿಚ್ಚುಗಳು ಆ ಬೋರ್ಡಿನಲ್ಲೇ ಇದ್ದವು. ಬೀಗದಣ್ಣನಿಗೆ ಇದು ಗೊತ್ತಿತ್ತು, ಆದರೆ ಇದುವರೆಗೆ ಯಾರೂ ಕೇಳಿರಲಿಲ್ಲ.

ಎರಡನೇ ತಿಂಗಳು ಮೂರು ವಾರ ಸುಸೂತ್ರ. ಪ್ರಾರ್ಥನೆ ಮುಗಿದ ಕೂಡಲೇ ಮಾವ ಮೀಟರಿನ ಗುಂಡಿ ಒತ್ತಿ ಗರಿಷ್ಠದ ಸಂಖ್ಯೆ ನೋಡುತ್ತಿದ್ದರು. ಇಪ್ಪತ್ತೈದು. ಇಪ್ಪತ್ತೈದು. ಇಪ್ಪತ್ತಾರು. ಒಂದು ಏರಿದ ವಾರ ಅವರು ಊಟ ಅರ್ಧಕ್ಕೇ ಬಿಟ್ಟರು. ನಡುವಾರದಲ್ಲೂ ಹೋಗಿ ಗುಂಡಿ ಒತ್ತಿ ಬರುತ್ತಿದ್ದರು, ಮಗುವಿಗೆ ಜ್ವರ ಇಳಿಯಿತೇ ಎಂದು ಹಣೆ ಮುಟ್ಟುವ ಹಾಗೆ. ಸಂಖ್ಯೆ ತಿಂಗಳೊಳಗೆ ಏರಬಹುದೇ ಹೊರತು ಇಳಿಯುವುದಿಲ್ಲ, ಎಷ್ಟು ಸಲ ಒತ್ತಿದರೂ ಅಷ್ಟೇ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ನಾಲ್ಕನೆಯ ವಾರ ಬಹು ದೂರದಿಂದ ಒಬ್ಬ ಪ್ರವಚನಕಾರರು ಬರುವವರಿದ್ದರು. ಅಧ್ಯಕ್ಷರೇ ಕರೆಸಿದ್ದು. ಅವತ್ತು ಬೆಳಿಗ್ಗೆ ಐದು ಗಂಟೆಗೆ ಊರಿಗೆ ಊರೇ ಕರೆಂಟು ಹೋಯಿತು. ಆರಕ್ಕೆ ಬರಲಿಲ್ಲ, ಎಂಟಕ್ಕೆ ಬರಲಿಲ್ಲ. ಅತ್ತೆಯ ಹಾಳೆಯಲ್ಲಿದ್ದ ಹೊತ್ತುಗಳೆಲ್ಲ ಒಂದೊಂದಾಗಿ ಸುಮ್ಮನೆ ದಾಟಿಹೋದವು. ಒಂಬತ್ತೂ ನಲವತ್ತಕ್ಕೆ ಬಂತು. ಸಭಾಂಗಣ ಆಗ ಒಲೆಯ ಹಾಗೆ ಕಾದಿತ್ತು, ಜನ ತುಂಬುತ್ತಿದ್ದರು. ಮಾವ ದೀಪ, ಫ್ಯಾನು, ಮೈಕು ಹಾಕಿ, ಮೂರು ಏಸಿ ಹಾಕಿದರು. ನಾಲ್ಕನೆಯದಕ್ಕೆ ಹೋದ ಕೈಯನ್ನು ಹಿಂದಕ್ಕೆ ತೆಗೆದರು. ನಾಲ್ಕು ಹಾಕಿದರೆ ಇಪ್ಪತ್ತಾರು ದಾಟುತ್ತದೆ. ದಾಟಿದರೆ ಕಾಲು ಭಾಗ ಇಳಿಯುವುದಿಲ್ಲ.

ಅಷ್ಟರಲ್ಲಿ ಅಧ್ಯಕ್ಷರು ಅತಿಥಿಯನ್ನು ವೇದಿಕೆಯಲ್ಲಿ ಕೂರಿಸಿ ಬೋರ್ಡಿನ ಹತ್ತಿರ ಬಂದರು. ಮುಖದಲ್ಲಿ ಬೆವರು. ಎಲ್ಲವನ್ನೂ ಹಾಕಿ ಎಂದರು. ಬಾಯ್ಲರು, ಮೋಟಾರು, ವೇದಿಕೆಯ ದೊಡ್ಡ ದೀಪಗಳು, ಎಲ್ಲವನ್ನೂ.

ಮಾವ ತಿರುಗಿ ಬೋರ್ಡಿಗೆ ಬೆನ್ನು ಕೊಟ್ಟು ನಿಂತರು. ಎರಡು ಕೈಯನ್ನೂ ಹಿಂದಕ್ಕೆ ತಂದು ಬೋರ್ಡಿನ ಬಾಗಿಲು ಹಿಡಿದುಕೊಂಡರು.

“ಹದಿನೈದು ನಿಮಿಷ ಕೊಡಿ ಸಾರ್. ಇವು ಮೂರು ತಣ್ಣಗಾಗ್ಲಿ.”

“ಮಂದಿರ ನಿಮ್ಮಪ್ಪಂದೇನ್ರೀ?”

“ಅಲ್ಲ ಸಾರ್.”

“ಮತ್ತೆ ಸರೀರಿ.”

“ಸರಿಯಲ್ಲ ಸಾರ್.”

ಜೀವಮಾನವೆಲ್ಲ ಗೇಟಿನಾಚೆ ನಿಂತು ‘ಸಾರ್, ಮೀಟರು’ ಎಂದವರು. ಯಾವ ಸಾರಿಗೂ ಎದುರಾಡಿದವರಲ್ಲ. ಈಗಲೂ ಸಾರ್ ಬಿಟ್ಟಿರಲಿಲ್ಲ, ಬೋರ್ಡನ್ನೂ ಬಿಟ್ಟಿರಲಿಲ್ಲ. ಅಧ್ಯಕ್ಷರು ಬೀಗದಣ್ಣನ ಕಡೆ ತಿರುಗಿ, ಇವರನ್ನು ಪಕ್ಕಕ್ಕೆ ಸರಿಸು ಎಂದರು. ಬೀಗದಣ್ಣ ಒಂದು ಹೆಜ್ಜೆ ಇಟ್ಟ, ಅಯ್ಯೋ ಎಂದ, ಮಂಡಿ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಆಮೇಲೆ ಅಧ್ಯಕ್ಷರ ಕಣ್ಣು ನನ್ನನ್ನು ಹುಡುಕಿತು. ನಾನು ಅಷ್ಟು ಹೊತ್ತಿಗೆ ಕಂಬದ ಹಿಂದೆ ಇದ್ದೆ. ಅಲ್ಲಿ ನನಗೆ ಕೆಲಸವೇನೂ ಇರಲಿಲ್ಲ, ಆದರೆ ಕಂಬ ಅಗಲವಾಗಿತ್ತು.

ಆಗ ಒಳಗೆ ಹಾಡು ಶುರುವಾಯಿತು. ಇನ್ನೂ ಹತ್ತು ಗಂಟೆ ಆಗಿರಲಿಲ್ಲ. ಅತ್ತೆ ಬೋರ್ಡಿನ ಕಡೆ ನೋಡಿದ್ದರೋ, ಜನ ಕುರ್ಚಿಗಳಲ್ಲಿ ಗೊಣಗುವುದನ್ನು ಕೇಳಿದ್ದರೋ ತಿಳಿಯದು. ಹದಿಮೂರು ಜನ ಎದ್ದು ನಿಂತು ಹಾಡಿದರು. ಒಂದು ಮುಗಿಯುವ ಮೊದಲು ಇನ್ನೊಂದು ಎತ್ತಿಕೊಂಡರು. ಹಾಡು ನಡೆಯುವಾಗ ಜಗಳ ಮಾಡಲು ಅಧ್ಯಕ್ಷರಿಗೂ ಸಾಧ್ಯವಿರಲಿಲ್ಲ. ಜನ ಕೈಗೆ ಸಿಕ್ಕ ಕಾಗದದಿಂದ ಗಾಳಿ ಬೀಸಿಕೊಂಡರು. ಅತಿಥಿಗಳು ಕರವಸ್ತ್ರ ಹಿಂಡಿದರು.

ನಾನು ಕಂಬದ ಹಿಂದಿನಿಂದ ಮಾವನ ಕಾಲು ನೋಡುತ್ತಿದ್ದೆ. ಆ ಕಾಲು ಅಲುಗಲಿಲ್ಲ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಮಾವ ಒಂದೇ ಜಾಗದಲ್ಲಿ ಹದಿನೈದು ನಿಮಿಷ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹದಿನೈದು ಆದ ಮೇಲೆ ಮೊದಲನೆಯ ಏಸಿಯ ಸದ್ದು ಇಳಿಯಿತು. ಮಾವ ಕೈ ಹಿಂದೆ ಮಾಡಿಕೊಂಡೇ ನಾಲ್ಕನೆಯದನ್ನು ಒತ್ತಿದರು. ಪ್ರವಚನಕಾರರು ಸೆಕೆಗೆ ಸೋತು ಒಂದು ಗಂಟೆಯ ಪ್ರವಚನವನ್ನು ಇಪ್ಪತ್ತೈದು ನಿಮಿಷಕ್ಕೆ ಮುಗಿಸಿದರು. ಜನ ಹೊರಗೆ ಬರುವಾಗ ಬಹಳ ವರ್ಷದಿಂದ ಇಂಥ ಪ್ರವಚನ ಕೇಳಿರಲಿಲ್ಲ ಎನ್ನುತ್ತಿದ್ದರು.

ಬಿಲ್ಲು ಬಂತು. ಗರಿಷ್ಠ ಇಪ್ಪತ್ತಾರರಲ್ಲೇ ನಿಂತಿತ್ತು. ಮಾವ ಕೈ ಹಾಕುವ ಮೊದಲಿನ ಬಿಲ್ಲಿಗೆ ಹೋಲಿಸಿದರೆ ಮೊತ್ತ ನೂರಕ್ಕೆ ಇಪ್ಪತ್ತಾರು ಇಳಿದಿತ್ತು, ಬೇಕಾದದ್ದಕ್ಕಿಂತ ಒಂದು ಹೆಚ್ಚು. ಅಧ್ಯಕ್ಷರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಸಮಿತಿಯ ಸಭೆಯಲ್ಲಿ ಎರಡು ತೀರ್ಮಾನ ಓದಿದರು. ಒಂದು, ಬಿಲ್ಲು ಹೀಗೇ ಇರುವವರೆಗೆ ಮಂದಿರ ವಾರದ ದಿನಗಳಲ್ಲೂ ತೆರೆದಿರತಕ್ಕದ್ದು. ಎರಡು, ಅತಿಥಿಗಳ ಮುಂದೆ ಸಭ್ಯತೆ ಮೀರಿದ್ದಕ್ಕಾಗಿ ಮೀಟರ್ ಮಾವ ಇನ್ನು ಮೇಲೆ ಮೇನ್ ಬೋರ್ಡಿಗೆ ಹತ್ತು ಹೆಜ್ಜೆ ದೂರ ಇರತಕ್ಕದ್ದು. ಬೋರ್ಡಿನ ಬೀಗದಕೈ ಹಾಡಿನ ಗುಂಪಿನ ಟೀಚರ್ ಹತ್ತಿರ.

ಈಗ ಅತ್ತೆ ಪ್ರಾರ್ಥನೆಯ ದಿನ ಬೆಳಿಗ್ಗೆ ಐದೂಮುಕ್ಕಾಲಿಗೇ ಹೊರಡುತ್ತಾರೆ. ಉಳಿದ ದಿನ ಹತ್ತಕ್ಕೆ. ಮನೆಗೆ ಬಂದ ಕೂಡಲೇ ಮಾವ ಬಾಗಿಲಲ್ಲಿ ನಿಂತು, “ಎಷ್ಟಿದೆಯೇ?” ಎಂದು ಕೇಳುತ್ತಾರೆ. ಅತ್ತೆ ಚಪ್ಪಲಿ ಬಿಟ್ಟು, ಕ್ಯಾನಿನಿಂದ ನೀರು ಬಗ್ಗಿಸಿ ಕುಡಿದು, ಆಮೇಲೆ ಸಂಖ್ಯೆ ಹೇಳುತ್ತಾರೆ. ಸ್ವಲ್ಪ ಕಾಯಿಸುವುದರಲ್ಲಿ ಅವರಿಗೆ ಸುಖವಿದೆ ಎಂದು ನನ್ನ ಅನುಮಾನ. ಒಂದನೇ ತಾರೀಖಿಗೆ ಮೀಟರಿನ ಗರಿಷ್ಠ ಮತ್ತೆ ಸೊನ್ನೆಗೆ ಇಳಿಯುತ್ತದೆ. ಅವತ್ತೊಂದು ದಿನ ಮಾವ ಒರಗು ಕುರ್ಚಿಯಲ್ಲಿ ಒರಗುತ್ತಾರೆ. ಎರಡನೇ ತಾರೀಖಿನಿಂದ ಮತ್ತೆ ಇಪ್ಪತ್ತೊಂಬತ್ತು ದಿನದ ಕಳವಳ.

ಹೋದ ವಾರ ಪ್ರಾರ್ಥನೆಗೆ ನಾವಿಬ್ಬರೂ ಬಹಳ ಬೇಗ ಹೋಗಿ ಕೊನೆಯ ಸಾಲಿನಲ್ಲಿ ಕೂತಿದ್ದೆವು. ಸಭಾಂಗಣದಲ್ಲಿ ಬೇರೆ ಯಾರೂ ಇರಲಿಲ್ಲ. ಮಾವ ಬೋರ್ಡಿಗೆ ಸರಿಯಾಗಿ ಹನ್ನೊಂದು ಹೆಜ್ಜೆ ಅಳೆದು ಕುರ್ಚಿ ಹಾಕಿಕೊಂಡಿದ್ದರು. ಕಣ್ಣು ಮುಚ್ಚಿದ್ದರು, ಆದರೆ ಕಿವಿ ಮೂಲೆಗಳ ಕಡೆ ಇತ್ತು. ಇದ್ದಕ್ಕಿದ್ದಂತೆ ನನ್ನ ಮೊಣಕೈ ತಿವಿದರು.

“ಅಳಿಯಂದ್ರೇ, ಮೂರನೇದು ಶುರುವಾಯ್ತು. ಇನ್ನೂ ನಾಲ್ಕು ನಿಮಿಷ ಬಾಕಿ ಇತ್ತು.”

ಅತ್ತೆಗೆ ಗೊತ್ತಿರುತ್ತದೆ ಬಿಡಿ ಎಂದೆ. ಗೊತ್ತಿರುತ್ತೆ, ಆದರೂ ನೀವು ಒಂದು ಸಲ ಹೋಗಿ ನೋಡಿಕೊಂಡು ಬನ್ನಿ, ನಿಮಗೆ ನಿಷೇಧ ಇಲ್ಲವಲ್ಲ ಎಂದರು. ನಾನು ಎದ್ದು ಹೋದೆ. ಅತ್ತೆ ಬೋರ್ಡಿನ ಮುಂದೆ ನಿಂತು, ಪೆನ್ಸಿಲಿನ ತುದಿಯನ್ನು ಹಾಳೆಯ ಮೇಲೆ ಇಟ್ಟುಕೊಂಡು, ಬಾಯಲ್ಲಿ ಸಣ್ಣಗೆ ಯಾವುದೋ ಸಾಲು ಗುನುಗುತ್ತಿದ್ದರು. ತಿರುಗಿ ನೋಡಲಿಲ್ಲ.

“ಮಾವ ಕಳಿಸಿದ್ರಾ? ಅವರ ವಾಚು ನಾಲ್ಕು ನಿಮಿಷ ಹಿಂದಿದೆ ಅಂತ ಹೇಳಿ.”

ಹೇಳೋಣವೆಂದು ಬಂದೆ. ಕುರ್ಚಿ ಖಾಲಿ ಇತ್ತು. ಮಾವ ಆಗಲೇ ಹೊರಗೆ ಮೀಟರಿನ ಹತ್ತಿರ ಇದ್ದರು. ಅದಕ್ಕೂ ಬೋರ್ಡಿಗೂ ಎಷ್ಟು ಹೆಜ್ಜೆ ಎಂದು ಸಮಿತಿ ಇನ್ನೂ ಅಳೆದಿಲ್ಲ.